ಸಂಘದ ವೆಬ್‌ಸೈಟ್ ಬಂದ್ ಆಗೂದ್ರೊಳಗ ಇಷ್ಟು ಮಾಡ್ರಿ

ಅಕ್ಕಾರ, ಗದಗಿನ ನಿಮ್ಮ ಮಹಿಳಾ ಸಂಘದ ವೆಬ್‌ಸೈಟ್ ಮುಂದಿನ ತಿಂಗಳು ಬಂದ್ ಆಗ್ತದ, ಸಾರಾಯಿ ವಿರೋಧಿ ಹೋರಾಟದ ಫೋಟೊ, ಕರಪತ್ರ ಹೆಂಗ ಉಳಿಸೋದು ಅಂತ ಕೇಳೀರಿ. ಉಳಿಸಾಕ ಬರ್ತದ, ಆದ್ರ ತಡ ಮಾಡಬ್ಯಾಡ್ರಿ.

ವೆಬ್ ಪುಟಗಳ ಪ್ರತಿ ಕಾದಿಡೋ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನ್ಯಾಗ 'ಸೇವ್ ಪೇಜ್ ನೌ' ಅಂತ ಅದ, ಅದರಾಗ ಪುಟದ ವಿಳಾಸ ಹಾಕಿದ್ರ ಪ್ರತಿ ಉಳೀತದ, ರೊಕ್ಕ ಕೊಡೋದೇನಿಲ್ಲ. ಮುಖಪುಟ ಒಂದ ಹಾಕಿ ಸುಮ್ಮನಾಗಬ್ಯಾಡ್ರಿ. ಒಳಗಿನ ಪುಟ, ಪಿಡಿಎಫ್ ಎಲ್ಲಾದರ ವಿಳಾಸ ಬ್ಯಾರೆ ಬ್ಯಾರೆ ಹಾಕ್ರಿ. ಒತ್ತಿದ ಮ್ಯಾಲೇ ತೆರೆಯೋ ಫೋಟೊ ಗ್ಯಾಲರಿ ಅದರಾಗ ತಪ್ಪಿಹೋಗೂದು ಹೆಚ್ಚು. ಅದಕ್ಕ ಕ್ರೋಮ್‌ಗೆ 'ಆರ್ಕೈವ್‌ವೆಬ್ ಪೇಜ್' ಎಕ್ಸ್‌ಟೆನ್ಶನ್ ಹಾಕ್ಕೊಂಡು ಒಂದೊಂದೇ ಫೋಟೊ ತೆರಕೊಂತ ಹೋಗ್ರಿ. ನೀವು ನೋಡಿದ್ದೆಲ್ಲಾ ರೆಕಾರ್ಡ್ ಆಗಿ ಒಂದ ಫೈಲ್ ಸಿಗ್ತದ.

ನಿಮ್ಮ ಹಳೇ ಪುಟ 'ನುಡಿ' ಇಲ್ಲಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನ್ಯಾಗ ಅವ ಏನು ನೋಡ್ರಿ. ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ತಿಳಿಯೋ ಅಕ್ಷರ ಪದ್ಧತಿ) ಅಲ್ಲದಿದ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನ್ಯಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣ್ತದ, ಹುಡುಕಿದ್ರೂ ಸಿಗೂದಿಲ್ಲ. ಫಾಂಟ್ ಫೈಲ್ ಜೋಡಿ ಇಡ್ರಿ, ಯೂನಿಕೋಡಿಗೆ ಬದಲಿಸಿದ ಪ್ರತಿನೂ ಇಡ್ರಿ.

ಇನ್ನೊಂದು ಮಾತು ಬಹಳ ಮುಖ್ಯ. ವೇಬ್ಯಾಕ್‌ನ್ಯಾಗ ಹಾಕಿದ್ದನ್ನ ಯಾರು ಬೇಕಾದ್ರೂ ನೋಡಬಹುದು. ಗಂಡನ ಮನೀ ಹಿಂಸೆ ಬಗ್ಗೆ ನಿಮ್ಮ ಮುಂದ ಹೇಳಿಕೊಂಡವರ ಹೆಸರು, ಊರು ಇರೋ ಪುಟ ಅವರನ್ನ ಕೇಳದ ಹಾಕಬ್ಯಾಡ್ರಿ. ಅತ್ಯಾಚಾರಕ್ಕ ಒಳಗಾದವರ ಗುರುತು ಪ್ರಕಟಿಸೂದಂತೂ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ. ಅಂಥಾವನ್ನ ಸಂಘದ ಹಾರ್ಡ್ ಡಿಸ್ಕಿನ್ಯಾಗಷ್ಟೇ, ಪಾಸ್‌ವರ್ಡ್ ಹಾಕಿ ಇಡ್ರಿ.

ಫೋಟೊದಾಗ ಯಾರ್ಯಾರು ಅದಾರ, ಯಾವ ಹಳ್ಳಿ ಅನ್ನೋದನ್ನ ಹಿರೇ ಸದಸ್ಯರು ಇರೂವಾಗಲೇ ಕೇಳಿ ಬರಕೊಳ್ರಿ. ಅದನ್ನ ಯಾವ ಸಾಫ್ಟ್‌ವೇರೂ ಹೇಳೂದಿಲ್ಲ.