ತೂಗುಸೇತುವೆಯಲ್ಲಿ ರಸ್ತೆಯ ಸರದಿ ಕೊನೆಗೆ

ಪ್ರಶ್ನೆ: ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಮ್ಮೂರ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುತ್ತದೆ. ಅಮೆರಿಕದ ಗೋಲ್ಡನ್ ಗೇಟ್‌ನಂಥ ಭಾರಿ ತೂಗುಸೇತುವೆಯನ್ನು ಎರಡೂ ದಡದಿಂದ ಒಟ್ಟಿಗೆ ಕಟ್ಟುತ್ತ ಬಂದು ನಡುವೆ ಕೂಡಿಸುತ್ತಾರೆಯೇ? ಅಷ್ಟು ಜನರ ಕೆಲಸವನ್ನು ಹೊಂದಿಸುವುದು ಹೇಗೆ?
– ಓದುಗರೊಬ್ಬರು, ಕಂಪ್ಲಿ, ಬಳ್ಳಾರಿ ಜಿಲ್ಲೆ

ಉತ್ತರ: ಕಂಬದ ಸೇತುವೆಯಲ್ಲಿ ಜನ, ಯಂತ್ರ ಇದ್ದಷ್ಟು ಕಡೆ ಒಮ್ಮೆಗೇ ಕೆಲಸ ಹಿಡಿಯಬಹುದು. ತೂಗುಸೇತುವೆಗೆ ಆ ಸ್ವಾತಂತ್ರ್ಯವಿಲ್ಲ. ಗೋಪುರಗಳೂ ದಡದಲ್ಲಿ ಕೇಬಲ್ ಹಿಡಿದಿಡುವ ಭಾರಿ ಕಾಂಕ್ರೀಟ್ ದಿಮ್ಮಿಗಳೂ ಸಿದ್ಧವಾಗದೆ ಕೇಬಲ್ ಇಲ್ಲ; ಕೇಬಲ್ ಮುಗಿಯದೆ ರಸ್ತೆಯ ಒಂದು ತುಂಡನ್ನೂ ನೇತುಹಾಕುವಂತಿಲ್ಲ. ಆದ್ದರಿಂದ ಯೋಜನೆಯೆಲ್ಲ ಈ ಸರದಿಯ ಸುತ್ತಲೇ ತಿರುಗುತ್ತದೆ.

ಹೆಚ್ಚು ತಾಳ್ಮೆ ಬೇಡುವುದು ಕೇಬಲ್. ನಮ್ಮ ಮಿಣಿಯಂತೆ ಇದನ್ನು ಹೊಸೆಯುವುದಿಲ್ಲ. ತಂತಿಗಳನ್ನು ಪಕ್ಕಪಕ್ಕಕ್ಕೆ ಎಳೆದು, ಒತ್ತಿ ಕಟ್ಟುತ್ತಾರೆ. 1937ರಲ್ಲಿ ತೆರೆದ ಗೋಲ್ಡನ್ ಗೇಟ್‌ನ ಎರಡು ಕೇಬಲ್‌ಗಳಲ್ಲಿ ಒಂದೊಂದರಲ್ಲೂ 27,572 ತಂತಿಗಳಿವೆ, ದಪ್ಪ ಸುಮಾರು 92 ಸೆಂ.ಮೀ. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ (ಬಳ್ಳಾರಿಯವರಿಗೆ ಬಿಸಿಲಿನ ಬಗ್ಗೆ ಹೇಳಬೇಕಿಲ್ಲ) ಕೇಬಲ್ ಎಷ್ಟು ಜೋತಿದೆ ಎಂಬುದನ್ನು ಸಾಮಾನ್ಯವಾಗಿ ರಾತ್ರಿ, ತಾಪ ಒಂದೇ ಸಮನಾಗಿರುವಾಗ ಅಳೆದು ಸರಿಪಡಿಸುತ್ತಾರೆ.

ನೀವು ಕೇಳಿದ ಕೂಡುವಿಕೆ ಬರುವುದು ಇದಾದ ಮೇಲೆ. ಕೇಬಲ್ ಬಾಗುವಂಥದು, ಒಂದು ಕಡೆ ಭಾರ ಬಿದ್ದರೆ ಅಲ್ಲಿ ತಗ್ಗಿ, ಇನ್ನೊಂದು ಕಡೆ ಏಳುತ್ತದೆ. ಹೀಗಾಗಿ ರಸ್ತೆಯ ತುಂಡುಗಳನ್ನು ಎಡಬಲ ಸಮತೂಕದಲ್ಲಿ ಏರಿಸುತ್ತಾರೆ, ಅವುಗಳ ನಡುವಿನ ಜೋಡಣೆಗಳನ್ನು ಮೊದಲೇ ಬಿಗಿಗೊಳಿಸುವುದಿಲ್ಲ. ಕಾರ್ಖಾನೆಯ ತಯಾರಿ, ದೋಣಿಯ ಸಾಗಾಟ, ಕ್ರೇನಿನ ಪಾಳಿ, ಗಾಳಿಯ ಮುನ್ಸೂಚನೆ ಎಲ್ಲವೂ ಈ ಕ್ರಮಕ್ಕೆ ಮಣಿಯಬೇಕು: ತಡವಾಗಿ ಬಂದ ತುಂಡು ಸಾಲನ್ನೇ ನಿಲ್ಲಿಸುತ್ತದೆ, ಬೇಗ ಬಂದದ್ದಕ್ಕೆ ಇಡಲು ಜಾಗವಿರುವುದಿಲ್ಲ.

ಯೋಜನೆ ಎಷ್ಟೇ ಬಿಗಿಯಾಗಿದ್ದರೂ ಬಗ್ಗುವ ಗುಣ ಬೇಕು. ಜಪಾನಿನ ಆಕಾಶಿ ಕೈಕ್ಯೊ ಸೇತುವೆಯ ಗೋಪುರಗಳೂ ಕೇಬಲ್‌ಗಳೂ ನಿಂತು, ರಸ್ತೆ ಇನ್ನೂ ಬಾರದಿದ್ದಾಗ, 1995ರ ಜನವರಿಯ ಕೋಬೆ ಭೂಕಂಪ ಗೋಪುರಗಳ ನಡುವಿನ ಅಂತರವನ್ನು ಸುಮಾರು 80 ಸೆಂ.ಮೀ. ಹಿಗ್ಗಿಸಿತು. 1,990 ಮೀಟರ್ ಎಂದಿದ್ದದ್ದು 1,991 ಆಯಿತು. ಇನ್ನೂ ಏರದ ಭಾಗಗಳ ಅಳತೆ ತಿದ್ದಿ ಕೆಲಸ ಮುಂದುವರಿಸಿದರು. 1998ರಲ್ಲಿ ಸೇತುವೆ ತೆರೆಯಿತು.

ಇನ್ನು ಕಂಪ್ಲಿಯ ಮಾತು. ಕಂಬಕ್ಕೆ ನೆಲೆ ಸಿಗುವ ನದಿಗೆ ತೂಗುಸೇತುವೆಯ ದುಬಾರಿ ಖರ್ಚು ಏಕೆ? ಪ್ರವಾಹಮಟ್ಟಕ್ಕಿಂತ ಎತ್ತರದ ಕಂಬದ ಸೇತುವೆಯೇ ಸಾಕು. ಅದಕ್ಕೂ ಅಡಿಪಾಯದ ಕೆಲಸವನ್ನು ಜಲಾಶಯದ ಗೇಟು ತೆರೆಯುವ ಮೊದಲೇ ಬೇಸಿಗೆಯಲ್ಲಿ ಮುಗಿಸಿಕೊಳ್ಳಬೇಕಾಗುತ್ತದೆ.