ಖಾಸಗಿ ಕಂಪನಿಗಳು ಬಂದ ಮೇಲೆ ಇಸ್ರೋದ ಅಗತ್ಯ ಕುಗ್ಗುತ್ತದೆಯೇ?

ಖಾಸಗಿ ಕಂಪನಿಗಳೇ ರಾಕೆಟ್ ಹಾರಿಸತೊಡಗಿದರೆ ಇಸ್ರೋ ಏಕೆ ಬೇಕು ಎಂದು ಕೇಳಿದ್ದೀರಿ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಉಪಗ್ರಹಗಳ ಬಿಡಿಭಾಗ ತಯಾರಿಕೆಯನ್ನು ನೋಡಿಕೊಳ್ಳುವ ನನಗೆ, ರಾಕೆಟ್ ಯಾರದು ಎನ್ನುವುದಕ್ಕಿಂತ ಆರ್ಡರ್ ಕೊಡುವವರು ಯಾರು ಎಂಬುದೇ ಮುಖ್ಯವಾಗಿ ಕಾಣುತ್ತದೆ. ಆ ದೊಡ್ಡ ಗಿರಾಕಿ ಇಂದಿಗೂ ಸರ್ಕಾರವೇ.

ಅಮೆರಿಕದ ಖಾಸಗಿ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ಸ್ವಂತ ಬಲದಿಂದ ಬೆಳೆಯಿತು ಎಂಬುದು ಅರ್ಧ ಸತ್ಯ. ಗಗನಯಾತ್ರಿಗಳನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಯ್ಯುವ ಗುತ್ತಿಗೆಯನ್ನು ನಾಸಾ 2014ರಲ್ಲಿ ಆ ಕಂಪನಿಗೂ ಬೋಯಿಂಗ್‌ಗೂ ನೀಡಿತು. ಬೆಲೆ ಮೊದಲೇ ನಿಗದಿಯಾಗಿತ್ತು, ವಿನ್ಯಾಸದ ಹೊಣೆ ಕಂಪನಿಗಳದಾಗಿತ್ತು. ಹೆಚ್ಚು ಹಣದ ಗುತ್ತಿಗೆ ಬೋಯಿಂಗ್‌ಗೆ ಸಿಕ್ಕರೂ 2020ರಲ್ಲೇ ಯಾತ್ರಿಗಳನ್ನು ಒಯ್ದದ್ದು ಸ್ಪೇಸ್‌ಎಕ್ಸ್. 2024ರ ಜೂನ್‌ನಲ್ಲಿ ಬೋಯಿಂಗ್‌ನ ಸ್ಟಾರ್‌ಲೈನರ್ ಏರಿದ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಮರುವರ್ಷ ಮಾರ್ಚ್‌ನಲ್ಲಿ ಸ್ಪೇಸ್‌ಎಕ್ಸ್‌ನ ಡ್ರ್ಯಾಗನ್ ನೌಕೆಯಲ್ಲಿ ಮರಳಬೇಕಾಯಿತು. ಇಬ್ಬರಿಗೂ ಕೆಲಸ ಹಂಚಿದ್ದರಿಂದಲೇ ನಾಸಾದ ಕೈಯಲ್ಲಿ ಇನ್ನೊಂದು ದಾರಿ ಉಳಿದಿತ್ತು.

ನಮ್ಮಲ್ಲಿ ಖಾಸಗಿಯವರಿಗೆ ಬಾಹ್ಯಾಕಾಶದ ಬಾಗಿಲು ತೆರೆದದ್ದು 2020ರಲ್ಲಿ. ಹೈದರಾಬಾದಿನ ಸ್ಕೈರೂಟ್ 2022ರಲ್ಲಿ, ಚೆನ್ನೈನ ಅಗ್ನಿಕುಲ್ 2024ರಲ್ಲಿ ಮೊದಲ ರಾಕೆಟ್‌ಗಳನ್ನು ಹಾರಿಸಿದವು. ಎರಡೂ ಕಕ್ಷೆ ಸೇರುವ ಉದ್ದೇಶದ ಹಾರಾಟಗಳಾಗಿರಲಿಲ್ಲ ಎಂಬುದನ್ನು ಪತ್ರಿಕೆಗಳ ತಲೆಬರಹಗಳು ಮರೆಸಿಬಿಡುತ್ತವೆ. ಬೆಂಗಳೂರಿನ ಕಂಪನಿಗಳ ಒಲವು ಹೆಚ್ಚಾಗಿ ಉಪಗ್ರಹಗಳತ್ತ. ಪಿಕ್ಸೆಲ್ ತನ್ನ ಮೂರು ಫೈರ್‌ಫ್ಲೈ ಉಪಗ್ರಹಗಳನ್ನು 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಸ್ಪೇಸ್‌ಎಕ್ಸ್ ರಾಕೆಟ್‌ನಲ್ಲಿ ಕಳುಹಿಸಿತು. ಬೆಲಾಟ್ರಿಕ್ಸ್ ತನ್ನ ಥ್ರಸ್ಟರ್‌ಗಳನ್ನು, ಅಂದರೆ ಉಪಗ್ರಹವನ್ನು ಕಕ್ಷೆಯಲ್ಲಿ ತಳ್ಳುವ ಪುಟ್ಟ ಎಂಜಿನ್‌ಗಳನ್ನು, ಪರೀಕ್ಷಿಸಿದ್ದು ಉಡಾವಣೆಯ ನಂತರ ಕಕ್ಷೆಯಲ್ಲೇ ಉಳಿಯುವ, ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್‌ನ ಕೊನೆಯ ಹಂತದ ಮೇಲೆ. ಇಂಥ ಸೌಲಭ್ಯವನ್ನು ಹೊಸ ಕಂಪನಿಯೊಂದು ಸ್ವಂತ ಖರ್ಚಿನಲ್ಲಿ ಕಟ್ಟಿಕೊಳ್ಳುವುದು ಆಗದ ಮಾತು.

ಇನ್ನು ಇಸ್ರೋ ಕೂಡ ಖಾಸಗಿಯವರ ಗಿರಾಕಿಯೇ. 4,700 ಕಿಲೋ ತೂಕದ ಸಂವಹನ ಉಪಗ್ರಹ ಜಿಸ್ಯಾಟ್-ಎನ್2 ನಮ್ಮ ದೊಡ್ಡ ರಾಕೆಟ್ ಎಲ್‌ವಿಎಂ3ರ ಶಕ್ತಿಗೆ ಮೀರಿದ್ದರಿಂದ 2024ರ ನವೆಂಬರ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್-9 ಏರಿತು. ಅದಕ್ಕೂ ಮೊದಲು ಖಾಸಗಿಯವರೇ ಇಸ್ರೋದ ಗಿರಾಕಿಯಾಗಿದ್ದರು: ಅದೇ ಎಲ್‌ವಿಎಂ3 ವಿದೇಶಿ ಒನ್‌ವೆಬ್ ಕಂಪನಿಯ 72 ಉಪಗ್ರಹಗಳನ್ನು ಎರಡು ಕಂತುಗಳಲ್ಲಿ ಒಯ್ದಿತ್ತು. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದದ್ದೂ ಹೀಗೆ ಇಬ್ಬರೂ ಸೇರಿದ್ದರಿಂದಲೇ: ಭಾರತ ಸರ್ಕಾರದ ಹಣ, ಆಕ್ಸಿಯಂ ಎಂಬ ಖಾಸಗಿ ಕಂಪನಿಯ ಏರ್ಪಾಡು, ಸ್ಪೇಸ್‌ಎಕ್ಸ್‌ನ ನೌಕೆ, ಸರ್ಕಾರಗಳ ನಿಲ್ದಾಣ.

ಗಗನಯಾನ, 2035ಕ್ಕೆ ಗುರಿಯಿಟ್ಟಿರುವ ನಮ್ಮದೇ ನಿಲ್ದಾಣ, 30 ಟನ್ ಹೊರುವ ಮುಂದಿನ ಪೀಳಿಗೆಯ ರಾಕೆಟ್ ಇವೆಲ್ಲ ಲಾಭದ ಲೆಕ್ಕಕ್ಕೆ ಸಿಗುವ ಕೆಲಸಗಳಲ್ಲ. ಇವು ಇಸ್ರೋದಲ್ಲೇ ಉಳಿಯುತ್ತವೆ. ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ ಮಾತ್ರ 511 ಕೋಟಿ ರೂಪಾಯಿಗೆ ಸರ್ಕಾರಿ ಕಂಪನಿ ಎಚ್‌ಎಎಲ್ ಪಾಲಾಗಿದೆ. ರಕ್ಷಣಾ ಕಣ್ಗಾವಲಿಗೆಂದು ಒಪ್ಪಿಗೆ ಪಡೆದ 52 ಉಪಗ್ರಹಗಳಲ್ಲಿ 31 ಖಾಸಗಿಯವರ ಪಾಲಿಗಿವೆ. ನನ್ನ ಮಟ್ಟಿಗೆ ನೀವು ಗಮನಿಸಬೇಕಾದದ್ದು ಇದನ್ನೇ: ಹೂಡಿಕೆದಾರರ ಹಣ ಕರಗುವ ಮೊದಲು ಈ ಆರ್ಡರ್‌ಗಳು ಕೈಸೇರಿದರೆ ಇಲ್ಲಿನ ಹೊಸ ಕಂಪನಿಗಳು ಉಳಿಯುತ್ತವೆ, ತಡವಾದರೆ ಅವುಗಳಲ್ಲಿ ಕೆಲವು ವಿದೇಶಿ ಗಿರಾಕಿಗಳನ್ನೇ ನೆಚ್ಚಬೇಕಾಗುತ್ತದೆ.