ಎಂಟು ಲಕ್ಷದ ಆಫರ್‌ನಲ್ಲಿ ಕೈಗೆ ಬರೋದೆಷ್ಟು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಹೊಸ ಕೆಲಸ ಸಿಕ್ಕಿದೆ, ಸಂಬಳ ಜಾಸ್ತಿ ಕೇಳಬಹುದಾ? ಮೂವತ್ತೊಂದು ವರ್ಷ ನಾನು ಮೇಜಿನ ಆ ಕಡೆ ಕೂತವಳು. ಮೊದಲು ಪೀಣ್ಯದ ಒಂದು ಕಾರ್ಖಾನೆಯ ಪರ್ಸನೆಲ್ ಡಿಪಾರ್ಟ್‌ಮೆಂಟಿನಲ್ಲಿ, ಆಮೇಲೆ ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್‌ನಲ್ಲಿ. ಅಲ್ಲಿ ಕೂತು ಕಂಡದ್ದನ್ನೇ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ಬಿಇ ಮುಗಿಸಿ ಹುಬ್ಬಳ್ಳಿಯಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಮೂರೂವರೆ ವರ್ಷದಿಂದ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದೇನೆ. ಸಿಟಿಸಿ 5.4 ಲಕ್ಷ, ಕೈಗೆ 39,000 ಬರುತ್ತದೆ. ಮನೆಯಲ್ಲೇ ಊಟ, ಬಾಡಿಗೆ ಇಲ್ಲ. ಈಗ ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಪನಿಯೊಂದು 8 ಲಕ್ಷ ಅಂದಿದೆ. ಅದರಲ್ಲಿ 80,000 ವೇರಿಯಬಲ್. ಬೇಸಿಕ್ 4 ಲಕ್ಷ ಅಂತ ತೋರಿಸಿದ್ದಾರೆ, ಇನ್ಶೂರೆನ್ಸ್‌ಗೆ 12,000 ಅಂತಲೂ ಇದೆ. ನನ್ನ ಜೊತೆ ಓದಿದ ಹುಡುಗ ಆರು ತಿಂಗಳ ಹಿಂದೆ ಅದೇ ಕಂಪನಿಗೆ, ಅದೇ ಕೆಲಸಕ್ಕೆ 9.5 ಲಕ್ಷಕ್ಕೆ ಸೇರಿದ್ದಾನೆ. ನನಗೂ ಕೇಳಬೇಕು ಅನ್ನಿಸುತ್ತದೆ. ಕೇಳಿ ಆಫರ್ ವಾಪಸ್ ತಗೊಂಡರೆ? ನಮ್ಮವ್ವ ‘ಸಿಕ್ಕಿದ್ದೇ ದೊಡ್ಡದು, ಸುಮ್ನೆ ಹೂಂ ಅನ್ನು’ ಅನ್ನುತ್ತಾಳೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ನಿಮ್ಮವ್ವ ಕರಿಬೇವಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡದೆ ಸಂತೆಯಿಂದ ಬರುತ್ತಾರಾ? ಕೇಳಿ ನೋಡಿ. ಮಗಳ ಸಂಬಳದ ವಿಷಯ ಬಂದಾಗ ಮಾತ್ರ ಹೂಂ ಅನ್ನು ಅನ್ನುವುದು ಯಾಕೋ ಗೊತ್ತಿಲ್ಲ. ನಮ್ಮಮ್ಮನೂ ಹಾಗೇ ಅಂದಿದ್ದರು. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಪೆನ್ನು ಕಾಗದ ತಗೊಳ್ಳಿ.

8 ಲಕ್ಷವನ್ನು 12ರಿಂದ ಭಾಗಿಸಿ ತಿಂಗಳಿಗೆ 66,000 ಚಿಲ್ಲರೆ ಅಂದುಕೊಂಡಿದ್ದರೆ ಅದನ್ನು ಹೊಡೆದು ಹಾಕಿ. ಸಿಟಿಸಿ ಅನ್ನುವುದು ಕಂಪನಿಗೆ ನಿಮ್ಮಿಂದ ಆಗುವ ಖರ್ಚು, ನಿಮಗೆ ಬರುವ ದುಡ್ಡಲ್ಲ. ಮೊದಲು 80,000 ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವ ಭಾಗ, ಬದಿಗಿಡಿ, ಅದು ಬಂದಾಗ ಬಂತು. ಕಂಪನಿ ಕಟ್ಟುವ ಪಿಎಫ್ ಬೇಸಿಕ್‌ನ ಶೇ 12, ಅಂದರೆ 48,000. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಅಂತ ಬೇಸಿಕ್‌ನ ಶೇ 4.81 ತೋರಿಸುತ್ತಾರೆ, ಅದು 19,240. ಐದು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟರೆ ಕಾಯಂ ನೌಕರರಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. ನಿಮ್ಮ ವಯಸ್ಸಿನವರು ಐದು ವರ್ಷ ಒಂದೇ ಕಡೆ ಇರುವುದನ್ನು ನಾನಂತೂ ಜಾಸ್ತಿ ನೋಡಿಲ್ಲ. ಇನ್ಶೂರೆನ್ಸ್ 12,000. ಇಷ್ಟು ಕಳೆದರೆ ವರ್ಷಕ್ಕೆ 6,40,760, ತಿಂಗಳಿಗೆ 53,397. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 4,000, ವೃತ್ತಿ ತೆರಿಗೆ 200 ಹೋಗುತ್ತದೆ. ಫೆಬ್ರುವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಈ ಸಂಬಳಕ್ಕೆ ತೆರಿಗೆ ಬರುವುದಿಲ್ಲ. ಕೈಗೆ 49,197.

ಇದರಲ್ಲಿ ಪಿಜಿಗೆ 13,000 ತೆಗೆದಿಡಿ. ಉಳಿದದ್ದು 36,000. ಹುಬ್ಬಳ್ಳಿಯಲ್ಲಿ ಅವ್ವನ ಕೈಯ ರೊಟ್ಟಿ ತಿಂದುಕೊಂಡು ನಿಮ್ಮ ಹತ್ತಿರ 39,000 ಇರುತ್ತಿತ್ತು, ಅಲ್ವಾ? ಅಂದರೆ ಎರಡು ಲಕ್ಷದ ಅರವತ್ತು ಸಾವಿರ ಜಾಸ್ತಿ ಅಂತ ಹೊರಟವರು ಮೂರು ಸಾವಿರ ಕಡಿಮೆಗೆ ಹೋಗುತ್ತಿದ್ದೀರಿ. ಪಿಎಫ್ ಉಳಿತಾಯ ಬೆಳೆಯುತ್ತದೆ, ಬೆಂಗಳೂರಿನ ಅನುಭವವೂ ಸಿಗುತ್ತದೆ ಅನ್ನಿ. ಆದರೆ ಲೆಕ್ಕ ಗೊತ್ತಿದ್ದು ಹೋಗುವುದು ಬೇರೆ, ಗೊತ್ತಿಲ್ಲದೆ ಹೋಗುವುದು ಬೇರೆ.

ಬೇಸಿಕ್ ಅರ್ಧಕ್ಕರ್ಧ ಯಾಕೆ ಇಟ್ಟಿದ್ದಾರೆ ಅಂತ ನಿಮಗೆ ಅನ್ನಿಸಬಹುದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದ ಭಾಗವನ್ನೂ ವೇತನ ಅಂತಲೇ ಹಿಡಿಯಬೇಕು. ಹಾಗಾಗಿ ಬೇಸಿಕ್ ಚಿಕ್ಕದಾಗಿಟ್ಟು ಭತ್ಯೆ ಉಬ್ಬಿಸುವ ಹಳೇ ಆಟ ಈಗ ನಡೆಯುವುದಿಲ್ಲ. ಕೆಲವು ಕಂಪನಿಗಳಲ್ಲಿ ಪೂರ್ತಿ ಬೇಸಿಕ್ ಬದಲು 15,000ದ ಮಿತಿಗೆ ಮಾತ್ರ ಲೆಕ್ಕ ಹಾಕಿ, ಅಂದರೆ ತಿಂಗಳಿಗೆ 1,800 ಪಿಎಫ್ ಹಿಡಿಯಿರಿ ಅಂತ ಕೇಳಲು ಅವಕಾಶ ಇರುತ್ತದೆ. ಆಗ ಕೈಗೆ ಬರುವುದು ಹೆಚ್ಚುತ್ತದೆ. ನನ್ನ ಕೇಳಿದರೆ ಬೇಡ. ಇಪ್ಪತ್ತಾರನೇ ವಯಸ್ಸಿನಲ್ಲಿ ಕೈಗೆ ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಈಗ ಕೇಳುವ ವಿಷಯ. ಪಿಜಿ ಬಾಡಿಗೆಯ ಲೆಕ್ಕ ಇದೆಯಲ್ಲ, ಅದು ನೀವು ನಿರ್ಧಾರ ಮಾಡುವುದಕ್ಕೆ. ಎಚ್‌ಆರ್ ಮುಂದೆ ಅದನ್ನು ತೆಗೆಯಬೇಡಿ. ಅಳದಿದ್ದರೆ ತಾಯಿಯೂ ಹಾಲು ಕೊಡಲ್ಲ ಅಂತ ಗಾದೆ ಇದೆ. ಆದರೆ ಎಚ್‌ಆರ್ ನಿಮ್ಮ ತಾಯಿ ಅಲ್ಲ. ‘ಬೆಂಗಳೂರು ದುಬಾರಿ, ತಮ್ಮನ ಫೀಸು ಕಟ್ಟಬೇಕು’ ಅನ್ನುವ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಮನಸ್ಸು ಕರಗುತ್ತಿತ್ತು. ಆದರೆ ಫೈನಾನ್ಸ್‌ನವರಿಗೆ ಕಳಿಸುವ ಮೇಲ್‌ನಲ್ಲಿ ಏನಂತ ಬರೆಯಲಿ? ‘ಕ್ಯಾಂಡಿಡೇಟಿನ ತಮ್ಮ ಪಿಯುಸಿಯಲ್ಲಿದ್ದಾನೆ’ ಅಂತಲಾ? ನಮಗೆ ಬೇಕಿದ್ದದ್ದು ಬರೆಯಲು ಒಂದು ಸಾಲು. ‘ಇವರಿಗೆ ಸೆಲೆನಿಯಂ ಅನ್ನುವ ಟೆಸ್ಟಿಂಗ್ ಟೂಲ್ ಬರುತ್ತದೆ, ಈಗಿನ ಕಂಪನಿಯಲ್ಲಿ ಕೈಯಲ್ಲಿ ಮಾಡುತ್ತಿದ್ದ ಟೆಸ್ಟ್‌ಗಳನ್ನು ಆಟೊಮೇಟ್ ಮಾಡಿದ್ದಾರೆ, ಎರಡು ದಿನದ ಕೆಲಸ ನಾಲ್ಕು ಗಂಟೆಗೆ ಬಂದಿದೆ.’ ಇಂಥ ಸಾಲು. ನಿಮ್ಮ ಕೆಲಸದಲ್ಲಿ ಇದಕ್ಕೆ ಸಮನಾದ್ದು ಯಾವುದು? ಹುಡುಕಿ. ಆ ಸಾಲನ್ನು ನೀವೇ ಬರೆದುಕೊಟ್ಟರೆ ಎಚ್‌ಆರ್ ಅದನ್ನು ಹಾಗೇ ಮುಂದೆ ಕಳಿಸುತ್ತಾರೆ. ನಾವೂ ಸೋಮಾರಿಗಳೇ.

ಆಫರ್ ವಾಪಸ್ ಹೋಗುವ ಭಯಕ್ಕೆ ಬರುತ್ತೇನೆ. ಪ್ರತಿ ಹುದ್ದೆಗೂ ಇಷ್ಟರಿಂದ ಇಷ್ಟರವರೆಗೆ ಅಂತ ಒಂದು ಬ್ಯಾಂಡ್ ಇರುತ್ತದೆ. ನಮ್ಮಲ್ಲಿ ಮೊದಲ ಆಫರ್ ಅದರ ಮೇಲಿನ ತುದಿಯಲ್ಲಿ ಇರುತ್ತಿದ್ದದ್ದು ಅಪರೂಪ. ಮೂರು ಸುತ್ತು ಇಂಟರ್‌ವ್ಯೂ ಮಾಡಿ ಒಬ್ಬರನ್ನು ಆರಿಸಿದ ಮೇಲೆ, ಮರ್ಯಾದೆಯಿಂದ ಒಂದು ಸಲ ಜಾಸ್ತಿ ಕೇಳಿದರು ಅಂತ ಆಫರ್ ಹಿಂದೆ ತಗೊಂಡದ್ದನ್ನು ನಾನು ನೋಡಿಲ್ಲ. ‘ಆಗಲ್ಲ’ ಅಂತ ಹೇಳಿದ್ದೇವೆ, ಅಷ್ಟೇ. ವಾಪಸ್ ತಗೊಂಡದ್ದು ಬೇರೆ ಕಾರಣಕ್ಕೆ, ಮೂರು ಸಲ. ಮೂರೂ ಸಲ ಪೇಸ್ಲಿಪ್ ತಿದ್ದಿದವರು. ಪಿಎಫ್ ಪಾಸ್‌ಬುಕ್ ತೆಗೆದರೆ ಬೇಸಿಕ್ ಎಷ್ಟು ಅಂತ ಕೂತಲ್ಲೇ ಗೊತ್ತಾಗುತ್ತದೆ, ಕಂಪನಿ ಕೊಡುವ ತೆರಿಗೆ ಪತ್ರ ಫಾರಂ 16 ನೋಡಿದರೆ ಉಳಿದದ್ದೂ ಗೊತ್ತಾಗುತ್ತದೆ. ಹಾಗಾಗಿ ಈಗಿನ ಸಂಬಳ ಕೇಳಿದರೆ ಇದ್ದದ್ದನ್ನೇ ಹೇಳಿ. ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಈಗ 5.4. ಆದರೆ ಈ ಕೆಲಸಕ್ಕೆ ಬೆಂಗಳೂರಿನಲ್ಲಿ ಕೊಡುತ್ತಿರುವುದನ್ನು ನೋಡಿ ಕೇಳುತ್ತಿದ್ದೇನೆ’ ಅಂತ ಸೇರಿಸಿ.

ನಿಮ್ಮ ಗೆಳೆಯನ ಹೆಸರು ಎತ್ತಬೇಡಿ. ಅವನಿಗೆ ತೊಂದರೆ. ಅಂಕಿ ಮಾತ್ರ ಬಳಸಿಕೊಳ್ಳಿ. ಅವನದು 9.5, ವೇರಿಯಬಲ್ ನಿಮ್ಮಂತೆಯೇ ಹತ್ತನೇ ಒಂದು ಪಾಲಾದರೆ ಉಳಿಯುವ ಫಿಕ್ಸೆಡ್ 8.55. ನಿಮ್ಮದು 7.2. ಫಿಕ್ಸೆಡ್ 8.4 ಕೇಳಿ. ‘ಎಂಟರಿಂದ ಒಂಬತ್ತು’ ಅನ್ನಬೇಡಿ, ಅವರ ಕಿವಿಗೆ ಎಂಟು ಮಾತ್ರ ಬೀಳುತ್ತದೆ. 8.4 ಸಿಕ್ಕರೆ ಕೈಗೆ 57,000 ದಾಟುತ್ತದೆ. 7.8ಕ್ಕೆ ಬಂದು ನಿಂತರೂ ಕೆಟ್ಟದ್ದಲ್ಲ. ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಕೂಡದು ಅಂತ 1976ರಲ್ಲೇ ಕಾನೂನಾಗಿತ್ತು, ಈಗ ಅದು ವೇತನ ಸಂಹಿತೆಯಲ್ಲಿ ಸೇರಿದೆ. ಆದರೆ ಆಫರ್ ಮಾತಾಡುವಾಗ ಕಾನೂನು ತೆಗೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನೆನಪಿರಲಿ, ಬಳಸುವುದು ಬೇಡ.

ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: ‘ಆಫರ್‌ಗೆ ಥ್ಯಾಂಕ್ಸ್. ಕೆಲಸ ಇಷ್ಟವಾಗಿದೆ, ಸೇರಬೇಕು ಅಂತಲೇ ಇದ್ದೇನೆ. ಆಟೊಮೇಷನ್‌ನಲ್ಲಿ ನಾನು ಮಾಡಿರುವುದನ್ನು ನೋಡಿ ಫಿಕ್ಸೆಡ್ 8.4 ಮಾಡಲು ಆಗುತ್ತದಾ?’ ಅಷ್ಟು ಹೇಳಿ ಬಾಯಿ ಮುಚ್ಚಿ. ಆ ಕಡೆಯಿಂದ ಸದ್ದೇ ಇರುವುದಿಲ್ಲ. ಐದು ಸೆಕೆಂಡ್, ಹತ್ತು ಸೆಕೆಂಡ್. ಆ ಮೌನಕ್ಕೆ ಹೆದರಿ ‘ಇಲ್ಲ ಮೇಡಂ, ಎಂಟೇ ಆದರೂ ಪರವಾಗಿಲ್ಲ’ ಅಂತ ತಾವೇ ಇಳಿಸಿಕೊಂಡವರು ಎಷ್ಟು ಜನ! ನಾನು ಬೇಕಂತಲೇ ಸುಮ್ಮನಿರುತ್ತಿದ್ದೆ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಇಂಗ್ಲಿಷಿನಲ್ಲಿ ನಾಲಿಗೆ ತೊಡರುತ್ತದೆ ಅನ್ನಿಸಿದರೆ ಮೇಲ್ ಬರೆಯಿರಿ, ತಪ್ಪೇನಿಲ್ಲ. ಒಪ್ಪಿದರೆ ಹೊಸ ಆಫರ್ ಲೆಟರ್ ಕೈಗೆ ಬರುವವರೆಗೆ ಹುಬ್ಬಳ್ಳಿಯಲ್ಲಿ ರಾಜೀನಾಮೆ ಕೊಡಬೇಡಿ. ಫೋನಿನಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗುತ್ತದೆ.

ಇನ್ನು ನಮ್ಮಮ್ಮನ ಕಥೆ. 1994ರಲ್ಲಿ ತಿಪಟೂರಿನಿಂದ ಬಂದು ಪೀಣ್ಯದಲ್ಲಿ ಟೈಪಿಸ್ಟ್ ಆಗಿ ಸೇರಿದೆ. ‘1,600 ಸಾಕಾ?’ ಅಂದರು ಸಾಹೇಬರು. ‘ಸಾಕು ಸಾರ್’ ಅಂದೆ. ಅಮ್ಮ ಹಾಗೇ ಹೇಳಿ ಕಳಿಸಿದ್ದರು. ಎಂಟು ತಿಂಗಳ ಮೇಲೆ ಹಳೇ ಫೈಲುಗಳನ್ನು ಕಟ್ಟಿಡುವ ಕೆಲಸ ನನಗೇ ಬಂತು. ನನ್ನದೂ ಅದರಲ್ಲಿತ್ತು. ಅರ್ಜಿಯ ಅಂಚಿನಲ್ಲಿ ಹಸಿರು ಇಂಕಿನಲ್ಲಿ ‘2,100ರವರೆಗೆ ಕೊಡಬಹುದು’ ಅಂತ ಸಾಹೇಬರ ಕೈಬರಹ. ಆ ಫೈಲಿಗೆ ದಾರ ನಾನೇ ಕಟ್ಟಿದೆ. ಯಾರಿಗೂ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ.

ಪ್ರಶ್ನೆ: ಹೊಸ ಕಂಪನಿ ಮೂವತ್ತು ದಿನದಲ್ಲಿ ಸೇರಿ ಅನ್ನುತ್ತದೆ. ಈಗಿನ ಕಂಪನಿಯಲ್ಲಿ ನೋಟಿಸ್ 90 ದಿನ. ಸಂಬಳ ಏರಿಸಲು ಆಗಲ್ಲ, ಬದಲಿಗೆ 1.5 ಲಕ್ಷ ಜಾಯ್ನಿಂಗ್ ಬೋನಸ್ ಕೊಡುತ್ತೇವೆ, ನೋಟಿಸ್ ನೀವೇ ನೋಡಿಕೊಳ್ಳಿ ಅಂದಿದ್ದಾರೆ. ಈಗಿನ ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ಸಂಬಳ, ತಿಂಗಳಿಗೆ 80,000, ಬೇಸಿಕ್ 40,000. ಒಪ್ಪಲೇ?
– ಓದುಗ, ಮೈಸೂರು

ಉತ್ತರ: ಮೊದಲು ಈಗಿನ ಕಂಪನಿಯ ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ. ಉಳಿದ 60 ದಿನಕ್ಕೆ ದುಡ್ಡು ಕಟ್ಟಿ ಬಿಡಲು ಅವಕಾಶ ಇದೆಯಾ, ಇದ್ದರೆ ಬೇಸಿಕ್ ಮೇಲಾ ಗ್ರಾಸ್ ಮೇಲಾ? ಬೇಸಿಕ್ ಮೇಲಾದರೆ 80,000, ಗ್ರಾಸ್ ಮೇಲಾದರೆ 1,60,000. ಎರಡನೆಯದಾದರೆ ಬೋನಸ್ ಪೂರ್ತಿ ಹೋಗಿ ಮೇಲೆ ನಿಮ್ಮ ಕೈಯಿಂದ ಹತ್ತು ಸಾವಿರ. ಅದೂ ಸಾಲದು, ಬೋನಸ್ ಸಂಬಳ ಇದ್ದ ಹಾಗೆ, ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿದರೆ 1.5 ಲಕ್ಷ ಪೂರ್ತಿ ಬರುವುದಿಲ್ಲ. ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅನ್ನುವ ಷರತ್ತೂ ಇದ್ದೇ ಇರುತ್ತದೆ. ಹತ್ತು ತಿಂಗಳು ದುಡಿದು ಬಿಟ್ಟವರಿಂದ ಪೂರ್ತಿ ಕೇಳುತ್ತಾರೋ, ಉಳಿದ ಎರಡು ತಿಂಗಳ ಲೆಕ್ಕ ಮಾತ್ರ ಕೇಳುತ್ತಾರೋ ಅಂತ ಓದಿ ನೋಡಿ. ಎರಡನೆಯದನ್ನು ಬರೆಸಿಕೊಳ್ಳಲು ಕೇಳಬಹುದು, ಎಷ್ಟೋ ಕಡೆ ಒಪ್ಪುತ್ತಾರೆ.

ನಾನಾದರೆ ಬೋನಸ್ ಬಿಟ್ಟು ‘ನೋಟಿಸ್ ದುಡ್ಡು ನೀವೇ ಕಟ್ಟಿ’ ಅಂತ ಕೇಳುತ್ತೇನೆ. ಅವಸರ ಅವರದ್ದು ತಾನೇ? ಈಗಿನ ಕಂಪನಿ ಕೊನೇ ಗಳಿಗೆಯಲ್ಲಿ ‘ನಾವೂ ಅಷ್ಟೇ ಕೊಡುತ್ತೇವೆ, ಇರಿ’ ಅಂದರೆ, ಇಷ್ಟು ದಿನ ಯಾಕೆ ಕೊಡಲಿಲ್ಲ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳಿ. ರಿಲೀವಿಂಗ್ ಲೆಟರ್ ಇಲ್ಲದೆ ಮಾತ್ರ ಹೊರಡಬೇಡಿ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಪೀಣ್ಯದ ಕಾರ್ಖಾನೆಯಲ್ಲಿ 18,000 ಅಂದಿದ್ದಾರೆ. ಮೊದಲ ಕೆಲಸ. ನಾನೂ ಜಾಸ್ತಿ ಕೇಳಬಹುದಾ?
– ಓದುಗ, ಗುಬ್ಬಿ

ಉತ್ತರ: ಕೇಳಪ್ಪ, ಆದರೆ ದುಡ್ಡಿಗಿಂತ ಬೇರೆಯದನ್ನು ಮೊದಲು ಕೇಳು. 18,000 ಕೈಗಾ, ಕಡಿತಕ್ಕೆ ಮುಂಚೆಯಾ? ಪಿಎಫ್ ಕಟ್ಟುತ್ತಾರಾ? ನಿನ್ನ ಸಂಬಳ 21,000ದ ಒಳಗಿದೆ, ಇಎಸ್‌ಐ, ಅಂದರೆ ನೌಕರರ ವಿಮೆ, ಬರಬೇಕು. ನಿನ್ನಿಂದ ಹಿಡಿಯುವುದು ಶೇ 0.75, ಅಂದರೆ 135 ರೂಪಾಯಿ. ಓಟಿ ಮಾಡಿದರೆ ಎರಡರಷ್ಟು ದರ ಕೊಡಬೇಕು ಅಂತ ಕಾನೂನೇ ಇದೆ, ಅಲ್ಲಿ ಹೇಗೆ ಕೊಡುತ್ತಾರೆ ಅಂತ ಗೇಟಿನ ಹೊರಗೆ ಟೀ ಕುಡಿಯುವ ಹುಡುಗರನ್ನು ಕೇಳು, ಆಫೀಸಿನವರನ್ನಲ್ಲ. ಕ್ಯಾಂಟೀನ್ ಇದೆಯಾ, ಸಿಎನ್‌ಸಿ ಮೆಷಿನ್ ಮೇಲೆ ನಿಲ್ಲಿಸುತ್ತಾರಾ ಅಥವಾ ಬರೀ ಮಾಲು ಎಣಿಸಲು ಹಾಕುತ್ತಾರಾ ಅಂತಲೂ ತಿಳಿದುಕೊ. ಆಮೇಲೆ ‘ಆರು ತಿಂಗಳಾಗಿ ಕನ್ಫರ್ಮ್ ಆದಾಗ 21,000 ಮಾಡಿ, ಅದನ್ನು ಲೆಟರ್‌ನಲ್ಲಿ ಬರೆಯಿರಿ’ ಅಂತ ಕೇಳು. ಈಗಲೇ ಕೊಡಿ ಅನ್ನುವುದಕ್ಕಿಂತ ಇದಕ್ಕೆ ಬೇಗ ಒಪ್ಪುತ್ತಾರೆ.

ಪ್ರಶ್ನೆ: ಮಗಳಿಗೆ ಕೆಲಸ ಸಿಕ್ಕಿದೆ. ಅವಳಿಗೆ ಸಂಬಳ ಮಾತಾಡಲು ಸಂಕೋಚ. ನಾನೇ ಎಚ್‌ಆರ್‌ಗೆ ಫೋನ್ ಮಾಡಿ ಮಾತಾಡಲೇ? ನಾನು ನಿವೃತ್ತ ಬ್ಯಾಂಕ್ ನೌಕರ.
– ತಂದೆ, ಶಿವಮೊಗ್ಗ

ಉತ್ತರ: ಬೇಡ ಸಾರ್. ಮನೆಯಲ್ಲಿ ನೀವು ಎಚ್‌ಆರ್ ಆಗಿ ಕೂರಿ, ಅವಳು ನಾಲ್ಕು ಸಲ ನಿಮ್ಮ ಮುಂದೆ ಕೇಳಿ ಅಭ್ಯಾಸ ಮಾಡಲಿ. ‘ಆಗಲ್ಲಮ್ಮ’ ಅಂತ ಒಂದೆರಡು ಸಲ ಗಟ್ಟಿಯಾಗಿ ಹೇಳಿ, ಬ್ಯಾಂಕಿನಲ್ಲಿ ಸಾಲ ಕೇಳಲು ಬಂದವರಿಗೆ ಹೇಳಿ ರೂಢಿ ಇರಬೇಕಲ್ಲ. ನನ್ನ ಹತ್ತಿರ ಒಮ್ಮೆ ಒಬ್ಬ ತಂದೆ ನೇರವಾಗಿ ಕ್ಯಾಬಿನ್ನಿಗೇ ಬಂದಿದ್ದರು, ಹನ್ನೆರಡು ತೆಂಗಿನಕಾಯಿ ಸಮೇತ. ಮಗಳ ಸಂಬಳದ ವಿಷಯ ನಿಮ್ಮ ಜೊತೆ ಮಾತಾಡುವ ಹಾಗಿಲ್ಲ ಅಂದೆ. ಬೇಜಾರಿಲ್ಲದೆ ಹೊರಟರು, ಕಾಯಿ ಮಾತ್ರ ಎಷ್ಟು ಹೇಳಿದರೂ ವಾಪಸ್ ತಗೊಳ್ಳಲಿಲ್ಲ. ಕ್ಯಾಂಟೀನಿಗೆ ಕೊಟ್ಟೆ. ಮರುದಿನ ಇಡ್ಲಿಗೆ ಚಟ್ನಿ ಗಟ್ಟಿಯಾಗಿತ್ತು. ಮುಂದಿನ ವಾರ ಮಗಳೇ ಫೋನ್ ಮಾಡಿದಳು, ನಲವತ್ತು ಸಾವಿರ ಜಾಸ್ತಿ ಕೇಳಿದಳು, ಸಿಕ್ಕಿತು.